ಹದಿನೇಳನೇ ಉಲ್ಲೇಖ

ಜೂನ್ 3

ಚಿರಂಜೀವಿ ಡಾಕ್ಟರ್ ಮಗಳಿಗೆ ತಾಯಿಯ ಆಶೀರ್ವಾದಗಳು.

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ನಿನ್ನ ಆಫೀಸಿನವರಿಗೆ ಅದು ಗೊತ್ತಿದ್ದಂತಿಲ್ಲ. ನಾನು ಈ ಮನೆಯ ಯಜಮಾನಿ. ಓದಿದ್ದು ಹೈಸ್ಕೂಲು. ಮೂವತ್ತೊಂದು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಕೂತು, ವೈದ್ಯಕೀಯ ಪತ್ರಿಕೆಗಳಿಗೆ ಹೋಗುವ ಲೇಖನಗಳ ಉಲ್ಲೇಖಪಟ್ಟಿ ಸರಿಮಾಡಿಕೊಡುತ್ತಿದ್ದೇನೆ. ಡಾಕ್ಟರು ತಮ್ಮ ಲೇಖನದಲ್ಲಿ ಯಾರ ಮಾತನ್ನು ಆಧಾರವಾಗಿ ತೋರಿಸಿದ್ದಾರೆ, ಅದು ಯಾವ ಪತ್ರಿಕೆಯಲ್ಲಿ ಬಂತು, ಯಾವ ವರ್ಷ, ಯಾವ ಸಂಪುಟ, ಎಷ್ಟನೇ ಪುಟ, ಇಷ್ಟೂ ನನ್ನ ಕೈಯಿಂದಲೇ ದಾಟಬೇಕು. ನನ್ನ ಮುಂದೆ ಕುರ್ಚಿಯ ತುದಿಯಲ್ಲಿ ಕೂರುವ ಪ್ರೊಫೆಸರುಗಳಿದ್ದಾರೆ. ನಾನು ಕಳಿಸಿದ ಪಟ್ಟಿಯನ್ನು ಯಾವ ಸಂಪಾದಕರೂ ಇದುವರೆಗೆ ಹಿಂದಕ್ಕೆ ಕಳಿಸಿಲ್ಲ. ನಿಮ್ಮಪ್ಪ ಆಸ್ಪತ್ರೆಯ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು ಹಾಸಿಗೆ ಹಿಡಿದಾಗ ಕರಡು ತಿದ್ದುವ ಪೆನ್ಸಿಲು ನನ್ನ ಕೈಗೆ ಬಂತು. ಅದರಲ್ಲೇ ನಿನ್ನನ್ನು ಡಾಕ್ಟರು ಮಾಡಿದೆ.

ಇಂಥವಳಿಗೆ ನಿನ್ನ ಆಫೀಸಿನಿಂದ ನಿನ್ನೆ ಬಂದ ಲಕೋಟೆಯಲ್ಲಿ ಲೇಖನದ ನೆತ್ತಿಗೆ ಒಂದು ಚೀಟಿ ಅಂಟಿಸಿದೆ. "ಪಟ್ಟಿಯ ರೂಪವನ್ನು ಮಾತ್ರ ಸರಿಪಡಿಸುವುದು. ಮೂಲ ಲೇಖನಗಳನ್ನು ಪರಿಶೀಲಿಸುವ ಅಗತ್ಯವಿಲ್ಲ." ಕೆಳಗೆ ಸಹಿ ಇಲ್ಲ. ಸೊಸೆ ಅದನ್ನು ಜೋರಾಗಿ ಓದಿ ನನ್ನ ಮುಖ ನೋಡಿದಳು.

"ಅತ್ತಿಗೆ ಹೀಗೆ ಬರೆಸಿರಲ್ಲ ಬಿಡಿ ಅತ್ತೆ. ಆಫೀಸಲ್ಲಿ ಯಾರೋ ಹೊಸಬ ಬಂದಿರಬೇಕು."

"ಹೊಸಬನಾದ್ರೆ ಹೊಸಬನ ಹಾಗೆ ಇರಲಿ. ನನಗೆ ಪಾಠ ಹೇಳೋಕೆ ಬರೋದು ಬೇಡ," ಎಂದೆ.

ನಿನ್ನ ಗುಮಾಸ್ತನನ್ನು ಕರೆದು ಎರಡು ಮಾತು ಹೇಳು. ಮೂಲ ಲೇಖನದ ಮೊದಲ ಪುಟವನ್ನು ಕಣ್ಣಾರೆ ನೋಡದೆ ನಾನು ಯಾವ ಉಲ್ಲೇಖದ ಕಾರ್ಡಿಗೂ ಕೆಂಪು ಚುಕ್ಕಿ ಇಟ್ಟವಳಲ್ಲ, ಚುಕ್ಕಿಯಿಲ್ಲದ ಕಾರ್ಡಿನಿಂದ ಪಟ್ಟಿಗೆ ಒಂದು ಸಾಲೂ ಇಳಿಸಿದವಳಲ್ಲ ಎಂದು ತಿಳಿಸು.

ಇನ್ನು ಕೆಲಸದ ಮಾತು. ಒಟ್ಟು ನಲವತ್ತೆರಡು ಉಲ್ಲೇಖ. ಮೂವತ್ತರ ತನಕ ಮುಗಿಸಿದ್ದೇನೆ. ಎಂಟನೆಯದರಲ್ಲಿ ವರ್ಷ ತಪ್ಪಿತ್ತು, ಇಪ್ಪತ್ತೊಂದರಲ್ಲಿ ಲೇಖಕರ ಹೆಸರು ಹಿಂದುಮುಂದಾಗಿತ್ತು. ಹದಿನೇಳನೆಯದು ನಿನ್ನದೇ ಹಳೆಯ ಲೇಖನ, ಮಕ್ಕಳ ಸೆಳವಿಗೆ, ಅಂದರೆ ಫಿಟ್ಸಿಗೆ, ಕೊಡುವ ಔಷಧವನ್ನು ಮಾಮೂಲಿನ ಒಂದೂವರೆ ಪಟ್ಟು ಕೊಟ್ಟರೂ ಅಪಾಯವಿಲ್ಲ ಎಂದು ನೀನು ತೋರಿಸಿದ್ದು. ಅದನ್ನು ಈ ಲೇಖನದಲ್ಲಿ ನಾಲ್ಕು ಕಡೆ ಆಧಾರ ಮಾಡಿಕೊಂಡಿದ್ದೀಯ. ಅದರ ಕಾರ್ಡು ನನ್ನ ಡ್ರಾಯರಿನಲ್ಲೇ ಇದೆ, ಚುಕ್ಕಿಯೂ ಇದೆ. ಆದರೆ ಆಗಿನ ಪತ್ರಿಕೆಗಳು ಮೊದಲ ಪುಟವನ್ನಷ್ಟೇ ಕೇಳುತ್ತಿದ್ದವು. ಈಗಿನವರಿಗೆ ಕೊನೆಯ ಪುಟವೂ ಬೇಕು. ಕಾರ್ಡಿನಲ್ಲಿ ಪುಟ 211 ಎಂದಷ್ಟೇ ಇದೆ. ಆ ಲೇಖನದ ಒಂದು ನಕಲು ಕಳಿಸು. ನಾನೂ ಅದನ್ನು ಅಚ್ಚಿನಲ್ಲಿ ನೋಡಿದ ನೆನಪಿಲ್ಲ. ವಯಸ್ಸಾಯಿತು.

ಇದನ್ನೆಲ್ಲ ಫೋನಿನಲ್ಲಿ ಕೇಳಬಹುದಲ್ಲ ಎಂದು ನಗಬೇಡ. ಫೋನಿನಲ್ಲಿ ಆಡಿದ ಮಾತಿಗೆ ಪುಟ ಸಂಖ್ಯೆ ಇರುವುದಿಲ್ಲ.

ಇತಿ,
ಅಮ್ಮ


ಜೂನ್ 9

ಪ್ರೀತಿಯ ಅಮ್ಮನಿಗೆ ಮಗಳ ನಮಸ್ಕಾರಗಳು.

ಚೀಟಿಯ ವಿಷಯಕ್ಕೆ ಕ್ಷಮಿಸು. ಗುಮಾಸ್ತ ಹೊಸಬ, ಹೊರಗೆ ಕಳಿಸುವ ಎಲ್ಲ ಕಾಗದಕ್ಕೂ ಅದನ್ನೇ ಅಂಟಿಸುತ್ತಾನೆ. ಬೈದಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ನಾನು ಕಳಿಸಿದ ಮಾತ್ರೆ ತಿಂಡಿ ಆದಮೇಲೆ ತೆಗೆದುಕೊಳ್ಳುತ್ತಿದ್ದೀಯಾ, ಇಲ್ಲ ಮರೆತು ಮಧ್ಯಾಹ್ನ ನುಂಗುತ್ತೀಯಾ? ತಮ್ಮನ ಹೆಂಡತಿಗೆ ಹೇಳಿದರೆ ನಿನಗೆ ಹೆದರಿ ನನಗೆ ಸುಳ್ಳು ಹೇಳುತ್ತಾಳೆ.

ಇಲ್ಲಿ ಮಕ್ಕಳ ವಿಭಾಗದ ಮುಖ್ಯಸ್ಥರು ನಿವೃತ್ತರಾಗುತ್ತಿದ್ದಾರೆ. ಜುಲೈ 20ಕ್ಕೆ ಸಂದರ್ಶನ. ಅಷ್ಟರೊಳಗೆ ಈ ಲೇಖನಕ್ಕೆ ಒಪ್ಪಿಗೆ ಬಂದರೆ ಆ ಕುರ್ಚಿ ನನ್ನದು ಎಂದು ಎಲ್ಲರೂ ಹೇಳುತ್ತಿದ್ದಾರೆ. ದೊಡ್ಡ ಡಾಕ್ಟರಿಲ್ಲದ ಸಣ್ಣ ಆಸ್ಪತ್ರೆಗಳಲ್ಲಿ ಸೆಳವು ಬಂದ ಮಗುವಿಗೆ ಏನು ಮಾಡಬೇಕು ಎಂಬುದರ ಮೇಲೆ ಬರೆದದ್ದು. ಇದು ಅಚ್ಚಾದರೆ ಆ ಆಸ್ಪತ್ರೆಗಳ ಗೋಡೆಯ ಮೇಲೆ ಅಂಟಿಸುವ ಪಟ್ಟಿಗೇ ಹೋಗುತ್ತದೆ. ನಿನ್ನ ಮಗಳು ಹೇಳಿದ ಡೋಸು, ಅಮ್ಮ!

ಹದಿನೇಳನೆಯದಕ್ಕೆ ತಲೆಕೆಡಿಸಿಕೊಳ್ಳಬೇಡ. ಕೊನೆಯ ಪುಟ 218 ಎಂದು ಹಾಕು. ನಕಲು ಮನೆ ಬದಲಿಸುವಾಗ ಎಲ್ಲೋ ಹೋಯಿತು. ಅದು ಬಂದ ತ್ರೈಮಾಸಿಕವೂ ನಿಂತು ಆರು ವರ್ಷವಾಯಿತು, ಅದರ ಹಳೆಯ ಸಂಚಿಕೆಗಳು ಇಂಟರ್ನೆಟ್ಟಿನಲ್ಲೂ ಇಲ್ಲ. ಸುಮ್ಮನೆ ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡ. ಚುಕ್ಕಿ, ಅಲ್ಪವಿರಾಮ ಸರಿಯಿದ್ದರೆ ಸಾಕು. 25ನೇ ತಾರೀಖಿನೊಳಗೆ ನನ್ನ ಕೈಸೇರುವ ಹಾಗೆ ಕಳಿಸು.

ನಿನ್ನ ಮಗಳು


ಜೂನ್ 14

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ನನಗೆ ಆದ ಸಂತೋಷವನ್ನು ಬರೆಯುವುದಿಲ್ಲ. ಬರೆದರೆ ನಿನ್ನ ತಲೆ ತಿರುಗುತ್ತದೆ. ವಿಭಾಗದ ಮುಖ್ಯಸ್ಥೆ ಎಂದು ಸೊಸೆ ಎರಡು ಸಲ ಹೇಳಿದಳು, ಮೂರನೇ ಸಲಕ್ಕೆ ಸುಮ್ಮನಿರು ಎಂದೆ.

ನಿನಗೆ ಗೊತ್ತಾಗದ ಹಾಗೆ ಒಂದು ಕೆಲಸ ಮಾಡೋಣವೆಂದು ಹೊರಟೆ. ನಿನ್ನ ನಕಲು ಕಳೆದುಹೋಗಿದೆ ಎಂದೆಯಲ್ಲ, ನಾನೇ ಹುಡುಕಿ ಒಂದಕ್ಕೆ ಎರಡು ಪ್ರತಿ ಮಾಡಿಸಿ, ಒಂದನ್ನು ನಿನ್ನ ಸಂದರ್ಶನಕ್ಕೆ ಕಳಿಸೋಣ ಎಂದುಕೊಂಡೆ. ಸೊಸೆಯನ್ನು ಕರೆದುಕೊಂಡು ಎರಡು ಬಸ್ಸು ಬದಲಿಸಿ ಮೆಡಿಕಲ್ ಕಾಲೇಜಿನ ಲೈಬ್ರರಿಗೆ ಹೋದೆ. ಅಲ್ಲಿನ ಲೈಬ್ರರಿ ಮೇಷ್ಟ್ರು ನನಗೆ ಇಪ್ಪತ್ತು ವರ್ಷದಿಂದ ಗೊತ್ತು. ಆ ತ್ರೈಮಾಸಿಕದ ಅಷ್ಟೂ ಸಂಪುಟ ಬೈಂಡು ಮಾಡಿಸಿ ಇಟ್ಟಿದ್ದಾರೆ. ಒಂಬತ್ತನೇ ಸಂಪುಟ ತಂದುಕೊಟ್ಟರು. ಕಾರ್ಡು ಪಕ್ಕದಲ್ಲಿಟ್ಟುಕೊಂಡು 211ನೇ ಪುಟ ತೆರೆದೆ. ಅಲ್ಲಿ ಶಾಲಾ ಮಕ್ಕಳ ಹುಳುಕು ಹಲ್ಲಿನ ಬಗ್ಗೆ ಯಾರೋ ಬರೆದ ಲೇಖನದ ಮಧ್ಯಭಾಗವಿದೆ.

"ನಿಮ್ಮ ಬೈಂಡರು ನಿದ್ದೆಗಣ್ಣಲ್ಲಿ ಹೊಲಿದಿದ್ದಾನೆ. ಒಂದು ಲೇಖನ ಪೂರಾ ನುಂಗಿಬಿಟ್ಟಿದ್ದಾನೆ," ಎಂದೆ.

ಮೇಷ್ಟ್ರು ಕನ್ನಡಕ ಏರಿಸಿ ಪುಟ ತಿರುವಿದರು. "ಇನ್ನೂರ ಹತ್ತು, ಇನ್ನೂರ ಹನ್ನೊಂದು, ಇನ್ನೂರ ಹನ್ನೆರಡು. ಸಾಲಾಗಿ ಇದೆಯಲ್ಲಮ್ಮಾ. ನುಂಗೋಕೆ ಜಾಗ ಎಲ್ಲಿದೆ?"

"ಹಾಗಾದ್ರೆ ನನ್ನ ಕಾರ್ಡು ಸುಳ್ಳು ಹೇಳುತ್ತಾ?"

"ನಿಮ್ಮ ಕಾರ್ಡಿನ ವಿಷಯಕ್ಕೆ ನಾನು ಬಾಯಿ ಹಾಕಲ್ಲಪ್ಪ. ನನಗಿನ್ನೂ ಎರಡು ವರ್ಷ ಸರ್ವೀಸಿದೆ."

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನು ನೋಡಿದ ಮೇಲೆ ನಿಲ್ಲಿಸಿದಳು. ಆ ಸಂಪುಟದ ನಾಲ್ಕೂ ಸಂಚಿಕೆಯ ಪರಿವಿಡಿ ಓದಿದೆವು. ಎಂಟನೆಯ, ಹತ್ತನೆಯ ಸಂಪುಟಗಳನ್ನೂ ನೋಡಿದೆವು. ನಿನ್ನ ಹೆಸರಿಲ್ಲ.

ಸಂಪುಟದ ಸಂಖ್ಯೆಯೋ ವರ್ಷವೋ ಎಲ್ಲೋ ತಪ್ಪಿರಬೇಕು. ಹೆದರಬೇಡ, ಇಂಥದ್ದು ಆಗುತ್ತದೆ, ಸರಿಮಾಡೋಣ. ಮನಸ್ಸಿಗೆ ಹಿತವಾದ ಒಂದು ವಿಷಯವನ್ನೂ ಹೇಳುತ್ತೇನೆ. ನನ್ನ ಮುಖ ಸಪ್ಪಗಾದದ್ದನ್ನು ನೋಡಿ ಮೇಷ್ಟ್ರು ತಮ್ಮ ಕಂಪ್ಯೂಟರಿನಲ್ಲಿ ಆ ಲೇಖನವನ್ನು ಯಾರ್ಯಾರು ಆಧಾರವಾಗಿ ತೋರಿಸಿದ್ದಾರೆ ಎಂದು ಹುಡುಕಿದರು. ಇಪ್ಪತ್ತಮೂರು ಲೇಖನ! ಮೂರು ನಿನ್ನವೇ, ಅವನ್ನು ಬಿಡು. ಉಳಿದ ಇಪ್ಪತ್ತು ನಿನ್ನ ಮುಖ ಕಂಡರಿಯದ ಡಾಕ್ಟರುಗಳದು. ಆ ಪಟ್ಟಿಯನ್ನು ಅಚ್ಚು ಹಾಕಿಸಿಕೊಂಡು ಬಸ್ಸಿನಲ್ಲಿ ಬರುವಾಗ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

ಸರಿಯಾದ ಸಂಪುಟದ ಸಂಖ್ಯೆ ಬರೆದು ಕಳಿಸು. ಅದೊಂದು ಬಿಟ್ಟು ಉಳಿದ ನಲವತ್ತೊಂದು ಸಿದ್ಧವಾಗಿವೆ.

ಅಮ್ಮ


ಜೂನ್ 18

ಅಮ್ಮ,

ನಿನ್ನನ್ನು ಲೈಬ್ರರಿಗೆ ಹೋಗು ಎಂದವರು ಯಾರು? ಹುಡುಕಬೇಡ ಎಂದು ಬರೆದಿದ್ದೆನಲ್ಲ. ಆ ಮೇಷ್ಟ್ರ ಬಾಯಿ ಎಂಥದ್ದೆಂದು ನಿನಗೆ ಗೊತ್ತು. ಅವರ ಲೈಬ್ರರಿಗೆ ಬರುವ ಡಾಕ್ಟರುಗಳಲ್ಲಿ ಇಬ್ಬರು ನನ್ನ ಜೊತೆ ಅದೇ ಕುರ್ಚಿಗೆ ಅರ್ಜಿ ಹಾಕಿದ್ದಾರೆ.

ಅದು ವಿಶೇಷ ಸಂಚಿಕೆಯಲ್ಲಿ ಬಂದದ್ದು. ವಿಶೇಷ ಸಂಚಿಕೆಯನ್ನು ಸಂಪುಟದ ಜೊತೆ ಬೈಂಡು ಮಾಡುವುದಿಲ್ಲ. ಇದಕ್ಕಿಂತ ಹೆಚ್ಚು ವಿವರಿಸಲು ನನಗೆ ಸಮಯವಿಲ್ಲ. ಬೆಳಿಗ್ಗೆ ಎಂಟರಿಂದ ವಾರ್ಡಿನಲ್ಲಿ ನಿಂತಿರುತ್ತೇನೆ.

ಈಗ ಇದನ್ನೆಲ್ಲ ಯಂತ್ರವೇ ಹತ್ತು ನಿಮಿಷದಲ್ಲಿ ಮಾಡುತ್ತದೆ. ನಿನಗೆ ಕಳಿಸುವುದು ನಿನ್ನ ಮನಸ್ಸಿಗೆ ನೋವಾಗಬಾರದೆಂದು. ಅದನ್ನೂ ಕಷ್ಟ ಮಾಡಬೇಡ. ಪಟ್ಟಿಯನ್ನು ಇದ್ದ ಹಾಗೇ ಕಳಿಸಿಬಿಡು.

ಮಗಳು


ಜೂನ್ 27

ಮಗಳೇ,

ನೀನು ಕೊಟ್ಟ ತಾರೀಖು ದಾಟಿದೆ. ಮೂವತ್ತೊಂದು ವರ್ಷದಲ್ಲಿ ನಾನು ತಾರೀಖು ದಾಟಿಸಿದ್ದು ಇದೇ ಮೊದಲು. ನೀನು ಒಂಬತ್ತು ಸಲ ಫೋನು ಮಾಡಿದೆ. ಸೊಸೆ ಪ್ರತಿ ಸಲವೂ "ಅತ್ತೆ ಮಲಗಿದ್ದಾರೆ" ಎಂದಳು. ನಾನು ಅವಳ ಎದುರಿಗೇ ಕೂತಿದ್ದೆ.

ನಿನ್ನ ಸಿಟ್ಟಿನ ಕಾಗದ ಬಂದಾಗ ಸಂದರ್ಶನದ ಕಾವು, ಹೋಗಲಿ ಎಂದುಕೊಂಡೆ. ವಿಶೇಷ ಸಂಚಿಕೆ ಹುಡುಕುವುದೇ ಬಾಕಿ ಎಂದು ಆ ತ್ರೈಮಾಸಿಕದ ಹಳೆಯ ಸಂಪಾದಕರಿಗೆ ಬರೆದೆ. ಅವರು ಕಣ್ಣು ಮಂಜಾಗಿ ಮನೆಯಲ್ಲಿದ್ದಾರೆ. ಒಂದು ಕಾಲದಲ್ಲಿ ಅವರ ಪತ್ರಿಕೆಯ ಪಟ್ಟಿಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು. ಮೊಮ್ಮಗಳ ಕೈಯಲ್ಲಿ ಉತ್ತರ ಬರೆಸಿದ್ದಾರೆ. ಅದನ್ನು ಇದ್ದ ಹಾಗೇ ಇಳಿಸುತ್ತೇನೆ:

"ಅಮ್ಮನವರೇ, ವರ್ಷಕ್ಕೆ ನಾಲ್ಕು ಸಂಚಿಕೆ ತರುವುದಕ್ಕೇ ನನ್ನ ಉಸಿರು ಬಾಯಿಗೆ ಬರುತ್ತಿತ್ತು. ವಿಶೇಷ ಸಂಚಿಕೆ ಎಂಬುದನ್ನು ನಾವು ಒಮ್ಮೆಯೂ ಮಾಡಲಿಲ್ಲ. ನಿಮ್ಮ ಮಗಳ ಆ ಲೇಖನ ನನಗೆ ಚೆನ್ನಾಗಿ ನೆನಪಿದೆ. ಅದನ್ನು ಅಚ್ಚು ಮಾಡಲಾರೆನೆಂದು ನಾನೇ ಹಿಂದಕ್ಕೆ ಕಳಿಸಿದ್ದೆ. ಕಾರಣವನ್ನು ಅವರನ್ನೇ ಕೇಳಿ."

ಇದನ್ನು ಓದಿದ ದಿನ ನಾನು ಮುಂದಿನ ಕೋಣೆಗೆ ಹೋಗಲಿಲ್ಲ. ಮಾರನೆಯ ದಿನ ಹೋಗಿ ಹನ್ನೊಂದು ವರ್ಷದ ಹಿಂದಿನ ಕಾಗದಗಳ ಪೆಟ್ಟಿಗೆ ಇಳಿಸಿದೆ. ನಿನ್ನ ಕಾಗದ ಸಿಕ್ಕಿತು. ಅದರಲ್ಲಿ ನೀನು ಬರೆದದ್ದು ಇದು: "ಅಮ್ಮ, ಮೊದಲನೇ ಲೇಖನ ಒಪ್ಪಿದ್ದಾರೆ, ಮುಂದಿನ ಸಂಚಿಕೆಯಲ್ಲಿ 211ನೇ ಪುಟದಿಂದ ಬರುತ್ತದೆ. ಈಗ ಎರಡನೇ ಲೇಖನದ ಪಟ್ಟಿಯಲ್ಲಿ 'ಅಚ್ಚಿನಲ್ಲಿದೆ' ಎಂದು ಹಾಕಿದರೆ ಚೆನ್ನಾಗಿ ಕಾಣುವುದಿಲ್ಲ. ಸಂಪುಟ, ಪುಟ ಹಾಕಿಬಿಡು, ಪ್ರತಿ ಬಂದ ಕೂಡಲೇ ಮೊದಲು ನಿನಗೇ ಕಳಿಸುತ್ತೇನೆ."

ನಾನು ಹಾಕಿದೆ. ಬೇರೆ ಯಾವ ಡಾಕ್ಟರು ಕೇಳಿದ್ದರೂ "ಪುಟ ತನ್ನಿ, ಆಮೇಲೆ ಮಾತಾಡೋಣ" ಎಂದು ಬಾಗಿಲು ತೋರಿಸುತ್ತಿದ್ದೆ. ನೀನು ಕೇಳಿದ್ದಕ್ಕೆ ಚುಕ್ಕಿಯನ್ನೂ ಇಟ್ಟೆ. ಆ ಪ್ರತಿ ಬರಲಿಲ್ಲ. ನಾನೂ ಕೇಳಲಿಲ್ಲ. ಬಂದ ಡಾಕ್ಟರುಗಳಿಗೆಲ್ಲ ಮಗಳ ಲೇಖನ ಅಚ್ಚಾಯಿತು ಎಂದು ಹೇಳಿಕೊಂಡು ಓಡಾಡಿದೆ.

ಆ ಇಪ್ಪತ್ತಮೂರು ಲೇಖನಗಳನ್ನು ಮೇಷ್ಟ್ರು ಒಂದೊಂದಾಗಿ ತೆಗೆದುಕೊಟ್ಟರು. ಹತ್ತೊಂಬತ್ತರಲ್ಲಿ ಸಾಲು ನಾನು ಬರೆದ ಹಾಗೇ ಇದೆ, 211ಕ್ಕೆ ನಿಂತಿದೆ. ಉಳಿದ ನಾಲ್ಕಕ್ಕೆ ಕೊನೆಯ ಪುಟ ಬೇಕಾಗಿತ್ತು. ಇಬ್ಬರು 218 ಎಂದು ಹಾಕಿದ್ದಾರೆ, ಒಬ್ಬರು 214, ಇನ್ನೊಬ್ಬರು 220. ಇಷ್ಟು ಓದಿದವರಲ್ಲಿ ಆ ಪುಟ ತೆರೆದು ನೋಡಿದವರು ಒಬ್ಬರೂ ಇಲ್ಲ. ಒಬ್ಬರದನ್ನು ನೋಡಿ ಒಬ್ಬರು ಇಳಿಸಿಕೊಂಡಿದ್ದಾರೆ. ಎಲ್ಲರಿಗಿಂತ ಮೊದಲು ನೋಡದೆ ಬರೆದವಳು ಈ ಹೈಸ್ಕೂಲಿನವಳು.

ನನಗೆ ಎರಡು ಪ್ರಶ್ನೆ ಇದೆ. ಆ ಲೇಖನ ಯಾಕೆ ವಾಪಸು ಬಂತು? ಔಷಧ ಕೊಟ್ಟ ಮಕ್ಕಳು ಎಷ್ಟು, ಅವರಿಗೆ ಏನಾಯಿತು? ಎರಡಕ್ಕೂ ಕಾಗದದಲ್ಲೇ ಉತ್ತರ ಬರೆ.

ನಿನ್ನ ತಾಯಿ


ಜುಲೈ 2

ಅಮ್ಮ,

ಬರೆಯುತ್ತೇನೆ. ನೀನು ಬಿಡುವವಳಲ್ಲ.

ಅರವತ್ತು ಮಕ್ಕಳಿಗೆ ಕೊಟ್ಟು ನೋಡಬೇಕೆಂದು ಶುರುಮಾಡಿದೆವು. ಹದಿನಾಲ್ಕಕ್ಕೆ ನಿಲ್ಲಿಸಿದೆವು. ಹನ್ನೆರಡು ಮಕ್ಕಳಿಗೆ ಸೆಳವು ಬೇಗ ನಿಂತಿತು, ಏನೂ ತೊಂದರೆಯಾಗಲಿಲ್ಲ. ಇಬ್ಬರಿಗೆ ಉಸಿರಾಟ ಕುಸಿದು ಯಂತ್ರ ಹಾಕಬೇಕಾಯಿತು. ಒಂದು ಮಗು ಐದನೇ ದಿನ ಮನೆಗೆ ಹೋಯಿತು. ಇನ್ನೊಂದಕ್ಕೆ ಮೊದಲೇ ಬೇರೆ ಕಾಯಿಲೆ ಇತ್ತು ಎಂದು ನಾವು ಬರೆದೆವು. ಇದ್ದದ್ದು ನಿಜ. ಆದರೆ ಅದರಿಂದಲೇ ಜೀವ ಹೋಯಿತು ಎಂದು ಇವತ್ತಿಗೂ ನನಗೆ ಖಾತ್ರಿ ಇಲ್ಲ. ಸಂಪಾದಕರು ಕೇಳಿದ್ದೂ ಅದನ್ನೇ. ಹಾಗಾಗಿ ವಾಪಸು ಬಂತು.

ನಿನಗೆ ಯಾಕೆ ಹೇಳಲಿಲ್ಲ ಎಂದು ನೀನು ಕೇಳಿಲ್ಲ. ನೀನು ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಐದನೇ ಕ್ಲಾಸಿನಲ್ಲಿ ನಾನು ಎರಡನೇ ಸ್ಥಾನ ಬಂದಾಗ ನೀನು ಅಂಕಪಟ್ಟಿಗೆ ಸಹಿ ಹಾಕಲಿಲ್ಲ. ಮೂರು ದಿನ ಅದು ನಿನ್ನ ಮೇಜಿನ ಮೂಲೆಯಲ್ಲಿ ಬಿದ್ದಿತ್ತು. ಬಂದು ಹೋದ ಡಾಕ್ಟರುಗಳೆಲ್ಲ ನೋಡಿದರು. ಕೊನೆಗೆ ಅಪ್ಪ ಹಾಸಿಗೆಯಲ್ಲಿ ಮಲಗಿಕೊಂಡೇ ಸಹಿ ಹಾಕಿಕೊಟ್ಟರು. ನಿನಗೆ "ಆಗಲಿಲ್ಲಮ್ಮ" ಎನ್ನುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗಿತ್ತು? ಅಪ್ಪನಿಗಿರಲಿಲ್ಲ, ತಮ್ಮನಿಗಿಲ್ಲ. ವಾಪಸು ಬಂದ ಲೇಖನ ಕೈಯಲ್ಲಿ ಹಿಡಿದುಕೊಂಡು ನಿನಗೆ "ಒಪ್ಪಿದ್ದಾರೆ" ಎಂದು ಬರೆದೆ. ಇನ್ನೊಂದು ಪತ್ರಿಕೆಗೆ ಕಳಿಸಿ ಸರಿಮಾಡಿಬಿಡುತ್ತೇನೆ ಎಂದುಕೊಂಡಿದ್ದೆ. ಅಷ್ಟರಲ್ಲಿ ನೀನು ಸಂಪುಟ, ಪುಟ ಹಾಕಿ ಮುಗಿಸಿದ್ದೆ. ಆಮೇಲೆ ಯಾರೋ ಅದನ್ನು ಎತ್ತಿಕೊಂಡರು, ಇನ್ಯಾರೋ ಅವರಿಂದ. ಬಾಯಿಬಿಡುವ ದಿನ ಬರಲೇ ಇಲ್ಲ.

ಆ ಚೀಟಿಯನ್ನು ಬರೆದದ್ದೂ ನಾನೇ. ಗುಮಾಸ್ತನಿಗೆ ಬೈದಿಲ್ಲ.

ಈಗ ನನ್ನ ಮಾತು ಸ್ವಲ್ಪ ಕೇಳು. ಹನ್ನೊಂದು ವರ್ಷದಿಂದ ನನ್ನ ವಾರ್ಡಿನಲ್ಲಿ ಈ ಡೋಸು ಕೊಡುತ್ತಿದ್ದೇನೆ. ಮಕ್ಕಳು ಬದುಕಿದ್ದಾರೆ. ಅದು ಕೆಲಸ ಮಾಡುತ್ತದೆ ಎಂದು ನನ್ನ ಕೈಗೆ ಗೊತ್ತು. ನಿನಗೆ ಚುಕ್ಕಿಯದೇ ಚಿಂತೆಯಾದರೆ ಹದಿನೇಳನೆಯದನ್ನು ತೆಗೆದುಬಿಡು. ಆ ಜಾಗದಲ್ಲಿ ನಿನ್ನ ಇಪ್ಪತ್ತಮೂರರಲ್ಲಿ ಯಾವುದಾದರೂ ಒಂದನ್ನು ಹಾಕು. ನಾಲ್ಕು ವರ್ಷದ ಹಿಂದೆ ಬಂದ ಒಂದು ದೊಡ್ಡ ಸಮೀಕ್ಷಾ ಲೇಖನವಿದೆ, ದೊಡ್ಡವರು ಬರೆದದ್ದು. ಅದರಲ್ಲೂ ಒಂದೂವರೆ ಪಟ್ಟು ಎಂದೇ ಇದೆ. ಆ ಪುಟ ನಿಜವಾಗಿಯೂ ಇದೆ, ನೀನೇ ತೆರೆದು ನೋಡಿ ಚುಕ್ಕಿ ಇಡಬಹುದು. ನಿನ್ನ ನಿಯಮವೂ ಮುರಿಯುವುದಿಲ್ಲ, ನನ್ನ ಕೆಲಸವೂ ಆಗುತ್ತದೆ.

ಇಪ್ಪತ್ತು ದಿನವೂ ಉಳಿದಿಲ್ಲ, ಅಮ್ಮ. ನಾನು ನಿನ್ನನ್ನು ಇದುವರೆಗೆ ಏನೂ ಬೇಡಿಲ್ಲ.

ಮಗಳು


ಜುಲೈ 10

ಮಗಳಿಗೆ,

ನೀನು ಹೇಳಿದ ಸಮೀಕ್ಷಾ ಲೇಖನವನ್ನು ತರಿಸಿ ನೋಡಿದೆ. ಒಂದೂವರೆ ಪಟ್ಟು ಎಂದು ಅವರು ಬರೆದ ಸಾಲಿನ ಕೊನೆಗೆ 64 ಎಂಬ ಸಂಖ್ಯೆ ಇದೆ. ಹಿಂದೆ ಪಟ್ಟಿಗೆ ಹೋಗಿ ಅರವತ್ತನಾಲ್ಕನ್ನು ನೋಡಿದೆ. ನನ್ನ ಸಾಲೇ ಕೂತಿತ್ತು. ಒಂಬತ್ತನೇ ಸಂಪುಟ, 211. ನೀನು ಹೇಳಿದ ಹಾಗೆ ಪುಟ ನಿಜವಾಗಿಯೂ ಇದೆ. ಅದರ ಕೆಳಗೆ ನೆಲ ಇಲ್ಲ. ಇದನ್ನು ನಿನಗೆ ವಿವರಿಸಬೇಕಾಗಿಲ್ಲ. ನಿನಗೆ ಗೊತ್ತಿದ್ದೇ ಆ ದಾರಿ ತೋರಿಸಿದೆ. ಇಷ್ಟು ಚೆನ್ನಾಗಿ ದಾರಿ ಹುಡುಕುವುದನ್ನು ಎಲ್ಲಿ ಕಲಿತೆ ಎಂದು ಯೋಚಿಸಿದೆ.

ಹನ್ನೊಂದು ವರ್ಷದಿಂದ ಕೊಡುತ್ತಿದ್ದೇನೆ, ಮಕ್ಕಳು ಬದುಕಿದ್ದಾರೆ ಎಂದೆ. ಇರಬಹುದು. ಹಾಗಿದ್ದರೆ ಅದನ್ನೇ ಬರೆ, ಎಷ್ಟು ಮಕ್ಕಳು, ಎಷ್ಟು ಜನಕ್ಕೆ ಉಸಿರು ಕುಸಿಯಿತು, ಲೆಕ್ಕ ಇಟ್ಟಿದ್ದರೆ ಅದನ್ನೂ ಬರೆ. ಅಚ್ಚು ಮಾಡುವವರು ಮಾಡಲಿ. ನಿನ್ನ ವಾರ್ಡಿನಲ್ಲಿ ಯಂತ್ರವಿದೆ, ಮಗು ಉಸಿರಾಡದಿದ್ದರೆ ಎರಡು ನಿಮಿಷದಲ್ಲಿ ಹಾಕುತ್ತೀಯ. ಗೋಡೆಯ ಮೇಲೆ ನಿನ್ನ ಡೋಸು ಅಂಟಿಸಿಕೊಳ್ಳುವ ಆಸ್ಪತ್ರೆಯಲ್ಲಿ ಒಬ್ಬ ನರ್ಸು ಇರುತ್ತಾಳೆ, ಯಂತ್ರ ಇರುವುದಿಲ್ಲ. ಅವಳು ಗೋಡೆಯನ್ನು ನಂಬಿ ಸೂಜಿ ಚುಚ್ಚುತ್ತಾಳೆ.

ಇನ್ನು ಅಂಕಪಟ್ಟಿಯ ವಿಷಯ. ನಿನಗೆ ಅದು ನೆನಪಿದೆ ಎಂದು ನನಗೆ ಗೊತ್ತಿರಲಿಲ್ಲ. ನಿನ್ನ ಕಾಗದ ಓದಿ ಮಡಿಸಿಟ್ಟು ಸೊಸೆಯನ್ನು ಕರೆದೆ.

"ಈ ಮನೇಲಿ ನನಗೆ 'ಆಗಲಿಲ್ಲ' ಅನ್ನೋಕೆ ಎಲ್ಲರೂ ಹೆದರುತ್ತೀರಂತೆ. ಹೌದಾ?"

ಅವಳು ಕೀಬೋರ್ಡಿನ ಮೇಲಿನ ಧೂಳು ಒರೆಸುತ್ತ ನಿಂತಳು.

"ಕೇಳಿದ್ದಕ್ಕೆ ಹೇಳೇ."

"ಹೌದು ಅತ್ತೆ," ಎಂದಳು. ಆಮೇಲೆ, "ಹೋದ ವರ್ಷ ನಾನು ಒಂದು ಪಟ್ಟಿಯಲ್ಲಿ ಎರಡು ಉಲ್ಲೇಖ ಅದಲುಬದಲು ಮಾಡಿದ್ದೆ. ನಿಮಗೆ ಹೇಳದೆ ಆ ಡಾಕ್ಟರ ಮನೆಗೆ ನಾನೇ ಹೋಗಿ ಸರಿಮಾಡಿ ಬಂದೆ. ನಿಮ್ಮ ಮಗನ ಜೊತೆ ಸಿನಿಮಾಕ್ಕೆ ಹೋಗ್ತೀನಿ ಅಂದಿದ್ನಲ್ಲ, ಆವತ್ತು," ಎಂದಳು.

"ಸಿನಿಮಾ ಹೇಗಿತ್ತು ಅಂತ ಕೇಳಿದ್ದೆ. ಚೆನ್ನಾಗಿತ್ತು ಅಂದಿದ್ದೆ ನೀನು."

"ಇನ್ನೇನು ಹೇಳಲಿ ಅತ್ತೆ?"

ಹನ್ನೆರಡು ವರ್ಷದಿಂದ ನನ್ನ ಮಗ್ಗುಲಲ್ಲಿ ಕೂತು ಕೆಲಸ ಮಾಡುವವಳು. ನಿನ್ನ ಆರೋಪ ನಿಜ. ಅದು ನನ್ನ ಪಾಲಿಗೆ ಇರಲಿ. ಆದರೆ ನನ್ನ ಭಯಕ್ಕೆ ನೀನು ನನಗೊಬ್ಬಳಿಗೆ ಸುಳ್ಳು ಹೇಳಿದ್ದರೆ ಅದು ನಮ್ಮ ಮನೆಯ ವಿಷಯವಾಗಿ ಮುಗಿಯುತ್ತಿತ್ತು. ಈ ಹನ್ನೊಂದು ವರ್ಷದಲ್ಲಿ ನೀನು ಮೂರು ಲೇಖನಕ್ಕೆ ಅದನ್ನು ಹಾಕಿದೆ. ಆ ಮೂರು ಸಲವೂ ನಾನು ನಿನ್ನ ಹತ್ತಿರ ನಿಂತಿರಲಿಲ್ಲ.

ನಿನ್ನ ಲೇಖನವನ್ನು ಇದರ ಜೊತೆ ಕಳಿಸಿದ್ದೇನೆ. ಉಲ್ಲೇಖ ನಲವತ್ತೊಂದು. ಒಂದನ್ನು ತೆಗೆದ ಮೇಲೆ ಹಿಂದಿನವೆಲ್ಲ ಒಂದೊಂದು ಸ್ಥಾನ ಮುಂದಕ್ಕೆ ಬರಬೇಕು, ಬಂದಿವೆ. ಒಳಗೆ ಬಳಸಿದ ಸಂಖ್ಯೆಗಳನ್ನೂ ಅದಕ್ಕೆ ತಕ್ಕ ಹಾಗೆ ಬದಲಿಸಿದ್ದೇನೆ, ಎರಡು ಸಲ ತಾಳೆ ನೋಡಿದ್ದೇನೆ. ನಾಲ್ಕು ವಾಕ್ಯಗಳ ಕೊನೆಗೆ ಈಗ ಯಾವ ಸಂಖ್ಯೆಯೂ ಇಲ್ಲ. ಆ ವಾಕ್ಯಗಳನ್ನು ನಾನು ಮುಟ್ಟಿಲ್ಲ. ಅವು ನಿನ್ನವು.

ನನ್ನ ಕೈಯಲ್ಲಿದ್ದ ಬೇರೆ ಮೂವರು ಡಾಕ್ಟರುಗಳ ಲೇಖನಗಳನ್ನು ವಾಪಸು ಮಾಡಿ, ಯಾಕೆಂದು ಎದುರಿಗೇ ಹೇಳಿದೆ. ಇಬ್ಬರು ತಮ್ಮ ಲೇಖನ ತೆಗೆದುಕೊಂಡು ಹೋದರು. ಮೂರನೆಯವರು, ನನಗಿಂತ ಹಿರಿಯರು, "ಅಮ್ಮಾ, ಒಂದು ಸಾಲಿಗೆ ಇಷ್ಟೊಂದಾ?" ಎಂದರು. ಒಂದೇ ಸಾಲು ಎಂದೆ. ಅವರ ಲೇಖನವನ್ನು ಸೊಸೆ ಮುಂದುವರಿಸುತ್ತಾಳೆ, ಅವಳ ಹೆಸರಿನಲ್ಲಿ, ಅವಳದೇ ಜವಾಬ್ದಾರಿಯಲ್ಲಿ. ಮೇಜನ್ನು ಅವಳಿಗೆ ಬಿಟ್ಟುಕೊಟ್ಟಿದ್ದೇನೆ. ನಾನು ಇನ್ನು ಆ ಕುರ್ಚಿಯಲ್ಲಿ ಕೂರುವುದಿಲ್ಲ.

ಆಮೇಲೆ ಒಂದು ಪತ್ರ ಬರೆದೆ. ನಿನ್ನ ಈಗಿನ ಲೇಖನ ಹೋಗಬೇಕಾಗಿದ್ದ ಪತ್ರಿಕೆಯ ಸಂಪಾದಕರಿಗೆ ಒಂದು ಪ್ರತಿ, ಆ ಇಪ್ಪತ್ತಮೂರು ಲೇಖನಗಳನ್ನು ಅಚ್ಚು ಮಾಡಿದ ಸಂಪಾದಕರಿಗೆ ಒಂದೊಂದು ಪ್ರತಿ. ಒಟ್ಟು ಇಪ್ಪತ್ತನಾಲ್ಕು. ಟೈಪು ಮಾಡಿಸಲಿಲ್ಲ, ಕೈಯಲ್ಲೇ ಬರೆದೆ. ನಾಲ್ಕು ದಿನ ಹಿಡಿಯಿತು. ಅದರಲ್ಲಿ ಇರುವುದು ಇಷ್ಟೇ:

"ನಾನು ಉಲ್ಲೇಖಪಟ್ಟಿ ಸಿದ್ಧಪಡಿಸುವವಳು. ತಮ್ಮ ಪತ್ರಿಕೆಯ ಈ ಲೇಖನದಲ್ಲಿ, ಈ ಸಂಖ್ಯೆಯಲ್ಲಿ ತೋರಿಸಿರುವ ಆಧಾರ ಅಸ್ತಿತ್ವದಲ್ಲಿಲ್ಲ. ಆ ಸಂಪುಟದ ಆ ಪುಟದಲ್ಲಿ ಬೇರೊಂದು ಲೇಖನವಿದೆ. ಈ ಸಾಲನ್ನು ಹನ್ನೊಂದು ವರ್ಷದ ಹಿಂದೆ ಮೂಲವನ್ನು ನೋಡದೆ ಬರೆದವಳು ನಾನು. ಲೇಖಕಿ ನನ್ನ ಮಗಳು. ಅಧ್ಯಯನವನ್ನು ಹದಿನಾಲ್ಕು ಮಕ್ಕಳಿಗೇ ನಿಲ್ಲಿಸಲಾಯಿತು, ಇಬ್ಬರಿಗೆ ಉಸಿರಾಟ ಕುಸಿಯಿತು, ಅವರಲ್ಲಿ ಒಂದು ಮಗು ತೀರಿಕೊಂಡಿತು ಎಂದು ಅವಳೇ ನನಗೆ ಬರೆದು ತಿಳಿಸಿದ್ದಾಳೆ. ಅವಳ ಪತ್ರದ ಪ್ರತಿ ಲಗತ್ತಿಸಿದೆ. ಈ ಡೋಸನ್ನು ನಂಬಿ ಯಾವ ಆಸ್ಪತ್ರೆಯೂ ಇನ್ನು ಮುಂದೆ ಕೊಡದಿರುವಂತೆ ತಾವು ಪ್ರಕಟಿಸಬೇಕು."

ಮನೆಯ ಮಾತುಗಳಿದ್ದ ಭಾಗವನ್ನು ಮುಚ್ಚಿ ಪ್ರತಿ ಮಾಡಿಸಿದ್ದೇನೆ. ಮಕ್ಕಳ ವಿಷಯವಿದ್ದ ಭಾಗವನ್ನಷ್ಟೇ ಕಳಿಸಿದ್ದೇನೆ.

ನಿನ್ನೆ ಬೆಳಿಗ್ಗೆ ಸೊಸೆಯ ಜೊತೆ ಅಂಚೆ ಕಚೇರಿಗೆ ಹೋಗಿ ಇಪ್ಪತ್ತನಾಲ್ಕನ್ನೂ ರಿಜಿಸ್ಟರ್ ಮಾಡಿಸಿದೆ. ಕಿಟಕಿಯ ಹಿಂದಿನವನು ಲಕೋಟೆಗಳ ಕಟ್ಟು ನೋಡಿ ನಕ್ಕ.

"ಏನಮ್ಮಾ, ಮನೇಲಿ ಮದುವೆನಾ? ಇಷ್ಟೊಂದು ಕಾಗದ!"

"ಅಲ್ಲಪ್ಪ, ಮಗಳ ಕೆಲಸದ್ದು," ಎಂದೆ.

"ಪರವಾಗಿಲ್ವೇ, ದೊಡ್ಡ ಕೆಲಸ ಇರಬೇಕು," ಎನ್ನುತ್ತ ಒಂದೊಂದರ ಮೇಲೂ ಮುದ್ರೆ ಒತ್ತಿದ. ನಾನು ಇಪ್ಪತ್ತನಾಲ್ಕು ಎಣಿಸುವವರೆಗೆ ಅಲ್ಲೇ ನಿಂತಿದ್ದೆ.

ಹೊರಗೆ ಬಂದ ಮೇಲೆ ಸೊಸೆ ಕೇಳಿದಳು, "ಈಗ ವಾಪಸು ಕೇಳಿದ್ರೆ ಕೊಡ್ತಾರಾ ಅತ್ತೆ?" ಕೊಡುವುದಿಲ್ಲ ಎಂದೆ. ಬಸ್ಸು ಬಂತು, ಹತ್ತಿದೆವು.

ನಿನ್ನ ತಾಯಿ